ಮಜೋರ್ಡಾದ ಹತ್ತು ಫ್ರೇಮು: ಮೀಟರು ತಪ್ಪಿದ ಒಂದು ಫ್ಯಾಮಿಲಿ ಫೋಟೋ

ಡಿಸೆಂಬರಿನ ಕೊನೆಯ ವಾರ ಗೋವಾದ ವಾಸ್ಕೋದ ಒಂದು ಮನೆಯವರಿಗೆ ಮಜೋರ್ಡಾ ಸಮುದ್ರದ ದಂಡೆಯಲ್ಲಿ ಫ್ಯಾಮಿಲಿ ಫೋಟೋ ತೆಗೆದುಕೊಟ್ಟೆ. ಡಿಜಿಟಲ್ ಅಲ್ಲ, ಫಿಲ್ಮಿನಲ್ಲಿ. ಎರಡು ರೋಲು, ಇಪ್ಪತ್ತು ಫ್ರೇಮು. ಮನೆಯವರಿಗೆ ಫೋಟೋ ಸಿಕ್ಕಿತು, ನನಗೆ ದುಡ್ಡೂ ಬಂತು. ಆದರೆ ಮೊದಲ ರೋಲಿನ ಹತ್ತೂ ಫ್ರೇಮನ್ನು ನಾನು ತಪ್ಪು ಎಕ್ಸ್‌ಪೋಶರಿನಲ್ಲಿ (ಫಿಲ್ಮಿಗೆ ಬೀಳುವ ಬೆಳಕಿನ ಅಳತೆ) ತೆಗೆದಿದ್ದೆ. ತಪ್ಪು ಎಲ್ಲಾಯಿತು, ಅದರಲ್ಲಿ ಎಷ್ಟನ್ನು ಫಿಲ್ಮು ಹೊಟ್ಟೆಗೆ ಹಾಕಿಕೊಂಡಿತು, ಎಷ್ಟನ್ನು ಹಾಕಿಕೊಳ್ಳಲಿಲ್ಲ ಅನ್ನೋದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮನೆಯವರು ಬಾಗಲಕೋಟೆ ಕಡೆಯವರು. ಅಜ್ಜಿಯ ಯಜಮಾನರು ಮುರಗಾಂವ ಬಂದರಿನ ಕೆಲಸಕ್ಕೆಂದು ಬಂದು ಇಲ್ಲೇ ನಿಂತರು. ಅವರು ಹೋಗಿ ಬಹಳ ವರ್ಷವಾಯಿತು. ಅಜ್ಜಿಗೆ ಈಗ 82. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಮಗಳು-ಅಳಿಯ, ಮೊಮ್ಮಗ ಮತ್ತು ಅವನ ಹೆಂಡತಿ, ಓದುತ್ತಿರುವ ಮೊಮ್ಮಗಳು, ಮೂರು ವರ್ಷದ ಮರಿಮಗ. ಒಟ್ಟು ಹನ್ನೊಂದು ತಲೆ.

ಫಿಲ್ಮೇ ಬೇಕು ಎಂದವನು ಮೊಮ್ಮಗ. ಅವನ ಮದುವೆಯ ಫೋಟೋಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಡಿಸ್ಕು ಕೆಟ್ಟಿತು, ಅಲ್ಲಿಗೆ ಮುಗಿಯಿತು. ಅದೇ ಮನೆಯ ಬಿಸ್ಕಿಟ್ ಡಬ್ಬಿಯಲ್ಲಿ ಅಜ್ಜಿ-ಅಜ್ಜ ಜೋಡಿಯಾಗಿ ಕೂತ ಎಪ್ಪತ್ತರ ದಶಕದ ಕಪ್ಪು-ಬಿಳುಪು ಸ್ಟುಡಿಯೋ ಫೋಟೋ ಇದೆ. ಅದರ ನೆಗೆಟಿವ್ ಕೂಡ ಇದೆ, ಮೂಲೆ ಸ್ವಲ್ಪ ಹಳದಿಯಾಗಿರುವುದು ಬಿಟ್ಟರೆ ಚೆನ್ನಾಗಿಯೇ ಇದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನ ಫಿಲ್ಮು, ಕಾಗದ ಮಾಡುತ್ತಿದ್ದ ಕಾಲ ಅದು. ಕಾರ್ಖಾನೆ ಮುಚ್ಚಿತು, ನೆಗೆಟಿವ್ ಡಬ್ಬಿಯಲ್ಲೇ ಉಳಿಯಿತು. ಇನ್ನೊಂದು ಅಂಥದ್ದೇ ಬೇಕು ಎಂದು ಮೊಮ್ಮಗ ಕೇಳಿದ.

ಕ್ಯಾಮೆರಾ ನನ್ನ ಹಳೆಯ ಮಮಿಯಾ ಆರ್‌ಬಿ67. 120 ಅನ್ನುವ ಅಗಲ ಫಿಲ್ಮಿನ ಒಂದು ರೋಲಿಗೆ ಹತ್ತೇ ಫ್ರೇಮು, ಒಂದೊಂದು ನೆಗೆಟಿವ್ ಆರು-ಏಳು ಸೆಂಟಿಮೀಟರಿನ ಆಸುಪಾಸು. ಬರೀ ಕ್ಯಾಮೆರಾದ ತೂಕವೇ ಎರಡೂವರೆ ಕಿಲೋ ದಾಟುತ್ತದೆ, ಹಾಗಾಗಿ ಟ್ರೈಪಾಡ್ ಇಲ್ಲದೆ ಗ್ರೂಪ್ ಫೋಟೋದ ಮಾತೇ ಇಲ್ಲ. ಲೆನ್ಸು 90 ಎಂಎಂ. ಫಿಲ್ಮು ಕೊಡಕ್ ಪೋರ್ಟ್ರಾ 400. ಒಂದು ರೋಲಿಗೆ ಈಗ ಸಾವಿರ ರೂಪಾಯಿ ದಾಟಿದೆ, ತೊಳೆಸುವುದು ಮತ್ತು ಸ್ಕ್ಯಾನಿಂಗ್ ಬೇರೆ. ಎರಡೇ ರೋಲು ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಸಂಜೆಯೋ ಬೆಳಿಗ್ಗೆಯೋ

ಹಿರಿಯ ಮಗನ ಬೇಡಿಕೆ ಒಂದೇ. "ಹಿಂದ ಸೂರ್ಯ ಮುಳುಗೋದು ಕಾಣಬೇಕ್ರಿ. ಗೋವಾ ಅಂದ್ರ ಅದ ಅಲ್ರಿ."

ಪಶ್ಚಿಮ ಕರಾವಳಿಯ ಫೋಟೋಗ್ರಾಫರುಗಳಿಗೆ ಇದು ಹಳೇ ತಲೆನೋವು. ಸಂಜೆ ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ಸೂರ್ಯ ಹಿಂದೆ, ಮುಖ ಕತ್ತಲು. ಸಮುದ್ರದ ಕಡೆ ಮುಖ ಮಾಡಿದರೆ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಹಿಂದೆ ಸಮುದ್ರವೇ ಇರುವುದಿಲ್ಲ, ಶ್ಯಾಕುಗಳ (ದಂಡೆಯ ಗುಡಿಸಲು ಹೋಟೆಲು) ಪ್ಲಾಸ್ಟಿಕ್ ಮೇಜು ಕಾಣುತ್ತವೆ. ಫ್ಲ್ಯಾಶ್ ಹಾಕಿ ಮುಖ ಎತ್ತಬಹುದು. ಆರ್‌ಬಿಯ ಶಟರು ಲೆನ್ಸಿನ ಒಳಗೇ ಇರುವುದರಿಂದ ಯಾವ ವೇಗಕ್ಕೂ ಫ್ಲ್ಯಾಶು ಹೊಂದುತ್ತದೆ. ಆದರೆ ಒಂದೇ ಫ್ಲ್ಯಾಶಿನಿಂದ ಎರಡು ಸಾಲಿನ ಹನ್ನೊಂದು ಮುಖಕ್ಕೆ ಸಮನಾಗಿ ಬೆಳಕು ಬೀಳಿಸುವುದು ಕಷ್ಟ, ಮುಂದೆ ಕೂತವರು ಬೆಳ್ಳಗೆ, ಹಿಂದೆ ನಿಂತವರು ಮಂಕು. ಇದರ ಮೇಲೆ ಗಾಳಿ. ಮಧ್ಯಾಹ್ನದಿಂದ ಸಮುದ್ರದ ಗಾಳಿ ದಡಕ್ಕೆ ಬೀಸುತ್ತದೆ. ಸಮುದ್ರಕ್ಕೆ ಬೆನ್ನು ಮಾಡಿ ನಿಂತ ಹೆಂಗಸರ ಕೂದಲೆಲ್ಲ ಹಿಂದಿನಿಂದ ಹಾರಿ ಮುಖದ ಮೇಲೆ ಬರುತ್ತದೆ. ಜೊತೆಗೆ ಡಿಸೆಂಬರಿನ ಕೊನೆಯ ವಾರ. ಸಂಜೆ ಆರಕ್ಕೆ ಗೋವಾದ ದಂಡೆಯಲ್ಲಿ ಖಾಲಿ ಜಾಗ ಹುಡುಕುವುದೆಂದರೆ ಜಾತ್ರೆಯಲ್ಲಿ ನೆರಳು ಹುಡುಕಿದ ಹಾಗೆ.

ಬೆಳಿಗ್ಗೆ ಹಾಗಲ್ಲ. ಗೋವಾದಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಅದೂ ನಮ್ಮ ಬೆನ್ನ ಹಿಂದೆ, ತೆಂಗಿನ ಸಾಲಿನ ಆಚೆ. ಮರ ದಾಟಿ ಮೇಲೆ ಬರುವ ತನಕ ದಂಡೆ ನೆರಳಿನಲ್ಲಿರುತ್ತದೆ, ಆದರೆ ಪೂರ್ವದ ಆಕಾಶ ಆಗಲೇ ಬೆಳ್ಳಗಾಗಿರುತ್ತದೆ. ಸಮುದ್ರಕ್ಕೆ ಬೆನ್ನು ಮಾಡಿ ನಿಂತವರ ಮುಖಕ್ಕೆ ಆ ಆಕಾಶವೇ ಒಂದು ದೊಡ್ಡ ಮೆತ್ತನೆಯ ದೀಪ. ನೆಲದ ಕಡೆಯಿಂದ ಸಣ್ಣಗೆ ಬೀಸುವ ಬೆಳಗಿನ ಗಾಳಿ ಕೂದಲನ್ನು ಮುಖದಿಂದ ಹಿಂದಕ್ಕೆ ತಳ್ಳುತ್ತದೆ. ಬಿಸಿಲು ಮೊದಲು ಬೀಳುವುದು ದೂರದ ನೀರಿನ ಮೇಲೆ, ಆಮೇಲೆ ತೆರೆಯ ನೊರೆಯ ಮೇಲೆ. ನೆರಳಿನ ಅಂಚು ಮಾತ್ರ ಸಮುದ್ರದಿಂದ ತೆಂಗಿನ ಕಡೆಗೆ ಮೆಲ್ಲಗೆ ಹಿಂದೆ ಸರಿಯುತ್ತಾ ಬರುತ್ತದೆ. ಅದು ಮನೆಯವರ ಹತ್ತಿರ ಬರುವುದರೊಳಗೆ ಕೆಲಸ ಮುಗಿಯಬೇಕು.

ಇಷ್ಟನ್ನೂ ಹಿರಿಯ ಮಗನಿಗೆ ವಿವರಿಸಿದೆ. ಅವರಿಗೆ ಅರ್ಧ ಒಪ್ಪಿಗೆಯಾಯಿತು. "ಅಷ್ಟ ನಸುಕಿನ್ಯಾಗ ಅವ್ವ ಏಳಬೇಕಲ್ರಿ" ಎಂದರು. ಒಳಗಿನಿಂದ ಅಜ್ಜಿಯ ದನಿ: "ನಾ ಐದಕ್ಕ ಎದ್ದ ಕುಂತಿರ್ತೀನಿ. ನೀವ ಏಳ್ರಿ ಅಷ್ಟ."

ಜಾಗ ಮಜೋರ್ಡಾ ಎಂದಾಯಿತು. ದಕ್ಷಿಣ ಗೋವಾದ ಆ ಉದ್ದ ಮರಳಿನ ಪಟ್ಟಿಯಲ್ಲಿ ವೆಲ್ಸಾವ್ ಕಡೆಯಿಂದ ದಕ್ಷಿಣಕ್ಕೆ ಎಲ್ಲಿ ನಿಂತರೂ ಎದುರಿಗೆ ಪಶ್ಚಿಮವೇ. ಉಬ್ಬರ-ಇಳಿತದ ಪಟ್ಟಿ ನೋಡಿ ದಿನ ಗೊತ್ತು ಮಾಡಿದೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಒಂದು ವಾರ ತಡವಾದರೆ ಲೆಕ್ಕ ಪೂರ್ತಿ ತಲೆಕೆಳಗು. ನಮಗೆ ನೀರು ಇಳಿದಿದ್ದು, ಒದ್ದೆ ಮರಳು ಗಟ್ಟಿಯಾಗಿರುವ ಬೆಳಿಗ್ಗೆ ಬೇಕಿತ್ತು. ಅಂಕೋಲೆಯವನಾದ ನನಗೆ ಇದು ಹೊಸ ಪಾಠವಲ್ಲ. ಹೊಸ ಪಾಠ ಬೇರೆ ಕಡೆಯಿಂದ ಬಂತು.

ಚಪ್ಪಲಿಯ ಮೇಲೆ ಕುರ್ಚಿ

ಆರೂ ಮುಕ್ಕಾಲಿಗೆ ತಲುಪಿದೆವು. ದಂಡೆಯಲ್ಲಿ ನಾಲ್ಕು ನಾಯಿ, ಓಡುವವರು ಇಬ್ಬರು, ಸ್ವಲ್ಪ ದೂರದಲ್ಲಿ ರಂಪಣಿ ಬಲೆ ಎಳೆಯುವವರ ಎರಡು ಸಾಲು. ಮರಿಮಗ ಇಳಿದವನೇ ಮೀನು ನೋಡಲು ಓಡಿದ. ಅವನನ್ನು ಹಿಡಿದು ತರುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

ಶ್ಯಾಕಿನಿಂದ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದಿದ್ದರು. ಅಜ್ಜಿ ಕೂತದ್ದೇ ಹಿಂದಿನ ಎರಡು ಕಾಲು ಮರಳಿಗೆ ಇಳಿದು ಅವರು ಆಕಾಶ ನೋಡುವಂತಾಯಿತು. ಎಲ್ಲರೂ ನಗುವಾಗ ಚಿಕ್ಕ ಸೊಸೆ ಒಂದು ಕೆಲಸ ಮಾಡಿದರು. ಸುತ್ತ ಬಿಟ್ಟಿದ್ದ ಚಪ್ಪಲಿಗಳಲ್ಲಿ ನಾಲ್ಕು ಅಗಲದವನ್ನು ಆರಿಸಿ, ಕುರ್ಚಿಯ ಒಂದೊಂದು ಕಾಲ ಕೆಳಗೆ ಒಂದೊಂದು ಇಟ್ಟು, ಮೇಲೆ ಒದ್ದೆ ಮರಳು ಎಳೆದು ಮುಚ್ಚಿದರು. ಕುರ್ಚಿ ಕಲ್ಲಿನ ಹಾಗೆ ನಿಂತಿತು. ನಾನು ಟ್ರೈಪಾಡ್ ಕಾಲಿಗೆ ಹಾಕಲು ಪ್ಲೈವುಡ್ ತುಂಡು ತಂದಿದ್ದೆ, ಕುರ್ಚಿಯ ವಿಚಾರ ತಲೆಗೇ ಬಂದಿರಲಿಲ್ಲ. ಈಗ ಬೀಚ್ ಕೆಲಸವೆಂದರೆ ಚಪ್ಪಲಿ ದೂರ ಬಿಡಬೇಡಿ ಎನ್ನುತ್ತೇನೆ.

ಅಜ್ಜಿ ನಡುವೆ, ಇಳಕಲ್ ಸೀರೆಯ ಕೆಂಪು ಸೆರಗು ತಲೆಯ ಮೇಲೆ. ಮರಿಮಗ ಅವರ ಮೊಣಕಾಲಿಗೆ ಒರಗಿ ನಿಂತ. ಅವನನ್ನು ತೊಡೆಯ ಮೇಲೆ ಕೂರಿಸಿದರೆ ಇಬ್ಬರೂ ಅಲ್ಲಾಡುತ್ತಾರೆ. ಎರಡೂ ಬದಿಗೆ ಮೊಮ್ಮಗಳು ಮತ್ತು ಮೊಮ್ಮಗನ ಹೆಂಡತಿ ಮರಳ ಮೇಲೆ, ಹಿಂದೆ ಏಳು ಜನ ನಿಂತು, ಭುಜ ಸ್ವಲ್ಪ ಓರೆ ಮಾಡಿ ಒಬ್ಬರ ಹಿಂದೆ ಒಬ್ಬರು ಸೇರಿದ ಹಾಗೆ. ಕ್ಯಾಮೆರಾ ಐದೂವರೆ ಮೀಟರ್ ದೂರ. ಲೆನ್ಸಿನ ಕಿಂಡಿಯನ್ನು ಎಫ್ 8ರಲ್ಲಿಟ್ಟರೆ ನಾಲ್ಕೂವರೆಯಿಂದ ಏಳು ಮೀಟರ್ ತನಕ ಚೂಪಾಗಿ ಬರುತ್ತದೆ, ಎರಡು ಸಾಲಿಗೆ ಧಾರಾಳ.

ಟ್ರೈಪಾಡ್ ಎತ್ತರದ ಬಗ್ಗೆ ಒಂದು ಮಾತು, ಬಹಳ ಜನ ಇಲ್ಲಿ ಎಡವುತ್ತಾರೆ. ಸಮತಟ್ಟು ದಂಡೆಯಲ್ಲಿ ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಮನುಷ್ಯರ ಮೈಮೇಲೆ ದಿಗಂತದ ಗೆರೆ ಅಷ್ಟೇ ಎತ್ತರಕ್ಕೆ ಹಾಯುತ್ತದೆ. ನಿಂತವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟರೆ ಕಡಲ ಗೆರೆ ಎಲ್ಲರ ಕಿವಿಯಿಂದ ಕಿವಿಗೆ ಹಾದು ಹೋದ ಹಾಗಿರುತ್ತದೆ. ನಾನು ಸೊಂಟದ ಮಟ್ಟಕ್ಕಿಂತ ಚೂರು ಮೇಲೆ ಇಟ್ಟೆ. ಆರ್‌ಬಿಯಲ್ಲಿ ಮೇಲಿನಿಂದ ಬಗ್ಗಿ ನೋಡುವುದರಿಂದ ಅದು ನನ್ನ ಬೆನ್ನಿಗೂ ಹಿತ. ಮರಿಮಗನನ್ನು ಎತ್ತಿ ಗಾಜಿನಲ್ಲಿ ತೋರಿಸಿದೆ. ಅದರಲ್ಲಿ ಎಡ-ಬಲ ಅದಲುಬದಲು ಕಾಣುತ್ತದೆ. "ಅಪ್ಪ ಆ ಕಡಿ ಹ್ವಾದ!" ಎಂದು ಕಿರುಚಿದ.

ಆಮೇಲೆ ಬೆಳಕು ಅಳೆಯುವ ಮೀಟರ್. ಅಜ್ಜಿಯ ಗಲ್ಲದ ಹತ್ತಿರ ಹಿಡಿದು, ಅದರ ಬಿಳಿ ಅರ್ಧಗೋಳವನ್ನು ಕ್ಯಾಮೆರಾ ಕಡೆ ತಿರುಗಿಸಿ ಒತ್ತಿದೆ. ಹಿಂದೆ ಸಮುದ್ರ ಬೆಳಗುತ್ತಿರುವಾಗ ಇದೇ ನಂಬಿಕೆಯ ದಾರಿ. ಕ್ಯಾಮೆರಾ ಪಕ್ಕ ನಿಂತು ಫೋನಿನ ಮೀಟರ್ ಆ್ಯಪ್ ಹಿಡಿದರೆ ಅದು ಬೆಳಗುವ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡು ಮುಖಗಳನ್ನು ಕಪ್ಪಗಾಗಿಸುತ್ತದೆ. ಮೀಟರು ಎಫ್ 8ಕ್ಕೆ 1/30 ಸೆಕೆಂಡ್ ಎಂದಿತು. ಹಾಗೇ ಇಟ್ಟೆ.

ಅಲ್ಲೇ ನಾನು ನಿಲ್ಲಬೇಕಿತ್ತು. ಹಿಂದಿನ ದಿನ ಹಳೇ ಗೋವಾದ ಕಲ್ಲುಗೋಡೆಗಳನ್ನು ಟಿ-ಮ್ಯಾಕ್ಸ್ 100 ಅನ್ನುವ ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದಿದ್ದೆ. ಮೀಟರಿನಲ್ಲಿ ಐಎಸ್‌ಒ (ಫಿಲ್ಮು ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 100 ಎಂದೇ ಇತ್ತು. ಪರದೆಯ ಮೂಲೆಯ ಸಣ್ಣ ಅಂಕಿ, ನಸುಕಿನ ಮಬ್ಬು, ಕನ್ನಡಕ ಬ್ಯಾಗಿನಲ್ಲಿ. ಮೀಟರಿಲ್ಲದೆಯೂ ಗೊತ್ತಾಗಬೇಕಿತ್ತು: 400ರ ಫಿಲ್ಮಿಗೆ ಹಗಲಿನ ತೆರೆದ ನೆರಳಿನಲ್ಲಿ ಎಫ್ 8ಕ್ಕೆ 1/250ರ ಆಸುಪಾಸು, ಬೆಳಗಿನ ಮಂಕಿಗೆ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು, ಕಳೆದರೆ 1/125. ಇಪ್ಪತ್ತು ವರ್ಷದಿಂದ ಬಾಯಿಪಾಠ ಇರುವ ಲೆಕ್ಕ. ಆದರೂ 1/30 ಅಂದಾಗ 'ಇನ್ನೂ ಬೆಳಕು ಬಂದಿಲ್ಲ' ಎಂದು ಸಮಾಧಾನ ಮಾಡಿಕೊಂಡೆ.

ಉಸಿರ ಹಿಡೀರಿ

ಮೊದಲ ಫ್ರೇಮು ಆದ ತಕ್ಷಣ ಅಳಿಯ ನಡೆದು ಬಂದು ಕ್ಯಾಮೆರಾದ ಬೆನ್ನು ನೋಡಿದರು. "ಎಲ್ಲಿ ತೋರಿಸ್ರಿ?" ಕಪ್ಪು ಡಬ್ಬಿ, ಅಷ್ಟೇ. ಮತ್ತೆ ಹೋಗಿ ನಿಂತರು, ಬೇರೆ ಜಾಗದಲ್ಲಿ. ಎರಡನೆಯದರಲ್ಲಿ ಮರಿಮಗ ರಂಪಣಿಯವರಿಗೆ ಕೈ ಬೀಸಿದ. ಮೂರರಲ್ಲೂ ಬೀಸಿದ. ನಾಲ್ಕರಲ್ಲಿ ನಾಯಿ ಬಂತು. ಐದು, ಆರು ಚೆನ್ನಾಗಿವೆ ಅನ್ನಿಸಿತು, ಆದರೆ ಹಿರಿಯ ಮಗ ಶಟರ್ ಬೀಳುವ ಕ್ಷಣಕ್ಕೇ "ಆತೇನ್ರಿ?" ಎಂದು ತಲೆ ಎತ್ತುತ್ತಿದ್ದರು. ಫೋನಿಗೆ ಒಗ್ಗಿಹೋದವರಿಗೆ ಅಲ್ಲಾಡದೆ ನಿಲ್ಲುವ ಅಭ್ಯಾಸವೇ ತಪ್ಪಿದೆ, ಬೇಕಾದಷ್ಟು ತೆಗೆದು ಆಮೇಲೆ ಆರಿಸುವುದು ರೂಢಿ.

ಏಳನೆಯದು ಆದಮೇಲೆ ಅಜ್ಜಿಗೆ ಸಾಕಾಯಿತು. "ಆ ಸ್ಟುಡಿಯೋದಾವ ಕರೀ ಅರಿಬಿ ಹೊತ್ಗೊಂಡು ಒಂದ ಮಾತ ಹೇಳ್ತಿದ್ದ. ಇವ್ರು ಹೇಳವಲ್ರು" ಎಂದು ನನ್ನ ಕಡೆ ನೋಡಿ, ಮಕ್ಕಳ ಕಡೆ ತಿರುಗದೆಯೇ ಗದರಿದರು: "ಏ, ಯಾರೂ ಅಲ್ಲಾಡಬ್ಯಾಡ್ರಿ. ಉಸಿರ ಹಿಡೀರಿ." ಹತ್ತು ಜನ ಒಮ್ಮೆಲೆ ಗಪ್. ಮರಿಮಗ ಕೂಡ ಕೆನ್ನೆ ಉಬ್ಬಿಸಿ ಉಸಿರು ಹಿಡಿದ. ನಾನು ಕ್ಯಾಮೆರಾದೊಳಗಿನ ಕನ್ನಡಿ ಮೊದಲೇ ಎತ್ತಿಟ್ಟು ಕೇಬಲ್ ಒತ್ತಿದೆ. ಎಂಟನೇ ಫ್ರೇಮು.

ಒಂಬತ್ತು, ಹತ್ತು ಮುಗಿಸಿ ಎರಡನೇ ರೋಲು ತುಂಬಿದ ಬ್ಯಾಕ್ ಜೋಡಿಸುವಾಗ ಬಿಸಿಲು ಬರುತ್ತಿದೆ ಎಂದು ಮತ್ತೆ ಮೀಟರ್ ತೆಗೆದೆ. ಈ ಸಲ ಕಣ್ಣಿಗೆ ಕನ್ನಡಕ ಇತ್ತು. ಮೂಲೆಯಲ್ಲಿ 100.

ಎದೆ ಧಸಕ್ಕೆಂದಿತು. ಯಾರಿಗೂ ಹೇಳಲಿಲ್ಲ. 400 ಮಾಡಿ, ಎರಡನೇ ರೋಲು ಸರಿಯಾಗಿ ತೆಗೆದೆ. ಆದರೆ ಅಷ್ಟರಲ್ಲಿ ನೆರಳಿನ ಅಂಚು ಕುರ್ಚಿಯನ್ನು ದಾಟಿ ನನ್ನ ಕಡೆ ಬಂದಿತ್ತು. ಸೂರ್ಯ ತೆಂಗಿನ ಮೇಲೆ ಬಂದು ನೇರ ಮುಖಕ್ಕೆ ಹೊಡೆಯುತ್ತಿದ್ದ. ಮೀಟರು ಎಫ್ 11ಕ್ಕೆ 1/250 ಎಂದಿತು. ಅಜ್ಜಿ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದರು, ಅಳಿಯ ಒಂದು ಕಣ್ಣು ಮುಚ್ಚಿದರು. ಹತ್ತನ್ನೂ ಮುಗಿಸಿದೆ, ಮುಗಿಸಬೇಕಲ್ಲ ಎಂದು.

ಲ್ಯಾಬಿಗೆ ಏನು ಹೇಳುವುದು

100 ಎಂದುಕೊಂಡು 400ರ ಫಿಲ್ಮು ತೆಗೆದರೆ ಎರಡು ಸ್ಟಾಪ್ ಹೆಚ್ಚು, ಅಂದರೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಬೆಳಕು. ಸ್ಲೈಡ್ ಫಿಲ್ಮಾಗಿದ್ದರೆ ಕೈಗೆ ಬರುತ್ತಿದ್ದುದು ಹೆಚ್ಚುಕಡಿಮೆ ಬೋಳು ಪ್ಲಾಸ್ಟಿಕ್. ಕಲರ್ ನೆಗೆಟಿವ್ ಹಾಗಲ್ಲ. ಬೆಳಕು ಕಡಿಮೆ ಬಿದ್ದರೆ ಸಹಿಸುವುದಿಲ್ಲ, ನೆರಳೆಲ್ಲ ರಾಡಿಯಾಗುತ್ತದೆ. ಹೆಚ್ಚಾದರೆ ಎರಡು ಸ್ಟಾಪ್ ತನಕ ತಡೆದುಕೊಳ್ಳುತ್ತದೆ. ಪೋರ್ಟ್ರಾವನ್ನು ಬೇಕೆಂದೇ ಒಂದು ಸ್ಟಾಪ್ ಹೆಚ್ಚು ಕೊಟ್ಟು ತೆಗೆಯುವವರು ಬಹಳ ಜನ ಇದ್ದಾರೆ.

ರೋಲುಗಳನ್ನು ಬೇರೆ ಊರಿನ ಲ್ಯಾಬಿಗೆ ಕೊರಿಯರ್ ಮಾಡುವ ಮುಂಚೆ ಫೋನ್ ಮಾಡಿದೆ. 'ಪುಲ್ ಮಾಡೋಣವೇ' ಎಂದು ಅವರು ಕೇಳಿದರು. ಅಂದರೆ ಡೆವಲಪರಿನಲ್ಲಿ ಇಡುವ ಸಮಯ ಕಡಿಮೆ ಮಾಡುವುದು. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನದಲ್ಲಿ ಡೆವಲಪರಿಗೆ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್, ಅದು ಕಟ್ಟುಪಾಡು. ಅದನ್ನು ಕಡಿತ ಮಾಡಿದರೆ ಮೂರು ಬಣ್ಣದ ಪದರಗಳು ಒಂದೇ ಸಮ ಇಳಿಯುವುದಿಲ್ಲ, ಕಾಂಟ್ರಾಸ್ಟ್ ಸೊರಗುತ್ತದೆ, ಚರ್ಮದ ಬಣ್ಣ ಎತ್ತಲೋ ವಾಲುತ್ತದೆ. ತೆರೆದ ನೆರಳಿನ ಬೆಳಕೇ ಮೆತ್ತಗೆ, ಇನ್ನೂ ಸೊರಗಿಸಿದರೆ ಉಳಿಯುವುದೇನು? ನಾರ್ಮಲ್ ತೊಳೆಯಿರಿ, ಸ್ಕ್ಯಾನ್ ಮಾಡುವಾಗ ದಟ್ಟ ನೆಗೆಟಿವ್ ಎಂದು ಗಮನದಲ್ಲಿಡಿ ಎಂದೆ. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ್ದು ಇದೊಂದೇ ಇರಬೇಕು.

ನೆಗೆಟಿವ್ ಬಂದಾಗ ಲೈಟ್‌ಬಾಕ್ಸ್ ಮೇಲಿಟ್ಟೆ. ಕಾಡಿಗೆ ಹಚ್ಚಿದ ಹಾಗೆ ದಟ್ಟ. ಆದರೆ ಸ್ಕ್ಯಾನಿನಲ್ಲಿ ಮುಖಗಳು ಚೆನ್ನಾಗಿದ್ದವು. ಹಿರಿಯ ಮಗನ ಬಿಳಿ ಅಂಗಿಯ ಗುಂಡಿಗಳು ಕಂಡವು, ಇಳಕಲ್ ಸೀರೆಯ ಅಂಚಿನ ನೇಯ್ಗೆ ಕಂಡಿತು. ಪೆಟ್ಟು ಬಿದ್ದದ್ದು ಸಮುದ್ರಕ್ಕೆ. ನೀರಿನ ಮೇಲೆ ಆಗಲೇ ಬಿಸಿಲಿತ್ತಲ್ಲ, ಅಲ್ಲಿ ನನ್ನ ಎರಡು ಸ್ಟಾಪ್ ಜೊತೆ ಬಿಸಿಲಿನದ್ದೂ ಸೇರಿ ನೊರೆಯ ಒಳಗಿನ ಗೆರೆಗಳೆಲ್ಲ ಹೋಗಿ, ಬರೀ ಬಿಳಿ ಪಟ್ಟಿ. ಸ್ಕ್ಯಾನಿನಲ್ಲಿ ಎಳೆದರೂ ಸ್ವಲ್ಪವೇ ಬಂತು. ಇಷ್ಟನ್ನು ಫಿಲ್ಮು ಹೊಟ್ಟೆಗೆ ಹಾಕಿಕೊಂಡಿತು ಅನ್ನಬಹುದು.

ಹಾಕಿಕೊಳ್ಳದ್ದು 1/30. ಬೆಳಕಿನ ತಪ್ಪು ನೆಗೆಟಿವ್‌ನಲ್ಲಿ ದಟ್ಟವಾಗಿ ಕೂತಿತು, ಆದರೆ ಅದರ ಜೊತೆ ಬಂದ ಸಮಯದ ತಪ್ಪಿಗೆ ಮದ್ದಿಲ್ಲ. ಲೆಕ್ಕ ಹೀಗೆ: ಮಗು ಬೀಸುವ ಕೈ ಸೆಕೆಂಡಿಗೆ ಒಂದು ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. 1/125ರಲ್ಲಿ ಅದು ಸರಿಯುವುದು 8 ಮಿಲಿಮೀಟರ್, 1/30ರಲ್ಲಿ 33. ಐದೂವರೆ ಮೀಟರ್ ದೂರದಿಂದ 90 ಎಂಎಂ ಲೆನ್ಸಿಗೆ ಆ 33 ಮಿಲಿಮೀಟರ್ ನೆಗೆಟಿವ್ ಮೇಲೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಮನೆಯವರು ಕೇಳಿದ್ದು 16×20 ಇಂಚಿನ ಪ್ರಿಂಟ್, ಅಂದರೆ ಏಳು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬೇಕು. ಗೋಡೆಯ ಮೇಲೆ ಆ ಕೈ ನಾಲ್ಕು ಮಿಲಿಮೀಟರ್ ಅಗಲದ ಹೊಗೆ. 1/125 ಆಗಿದ್ದರೆ ಒಂದು ಮಿಲಿಮೀಟರ್, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹತ್ತು ಫ್ರೇಮನ್ನೂ ಲೂಪ್ (ಭೂತಗನ್ನಡಿ) ಹಿಡಿದು ನೋಡಿದೆ. ಎರಡು, ಮೂರರಲ್ಲಿ ಮರಿಮಗನಿಗೆ ನಾಲ್ಕು ಕೈ. ಐದು, ಆರರಲ್ಲಿ ಹಿರಿಯ ಮಗನಿಗೆ ಎರಡು ಮೂಗು. ಒಂಬತ್ತರಲ್ಲಿ ಮೊಮ್ಮಗಳು ನಕ್ಕು ಕದಲಿದ್ದಾಳೆ. ಅಜ್ಜಿ ಮಾತ್ರ ಹತ್ತಕ್ಕೆ ಹತ್ತರಲ್ಲೂ ಚೂಪು. ಬಳೆಯ ಗೀರು ಎಣಿಸಬಹುದು. ಹಳೆಯ ಸ್ಟುಡಿಯೋದಲ್ಲಿ ಕಲಿತ ಆ ಉಸಿರು ಹಿಡಿಯುವ ಪಾಠ ಅವರ ಮೈಯಲ್ಲಿ ಇನ್ನೂ ಇದೆ, ಕ್ಯಾಮೆರಾ ಕಂಡ ಕೂಡಲೇ ತಾನಾಗಿ ಬರುತ್ತದೆ.

ಎಂಟನೇ ಫ್ರೇಮಿನಲ್ಲಿ ಹನ್ನೊಂದೂ ಮುಖ ಚೂಪಾಗಿವೆ. ಎಲ್ಲರ ಮುಖದಲ್ಲೂ ಗದರಿಸಿಕೊಂಡವರ ಗಾಂಭೀರ್ಯ, ಮರಿಮಗನ ಕೆನ್ನೆ ಗುಂಡಗೆ. ಯಾರೂ ನಗುತ್ತಿಲ್ಲ. ಡಬ್ಬಿಯ ಆ ಹಳೇ ಜೋಡಿ ಫೋಟೋದಲ್ಲೂ ಯಾರೂ ನಕ್ಕಿಲ್ಲ. ಚಿಕ್ಕ ಸೊಸೆಯ ಸೆರಗು ಮಾತ್ರ ಗಾಳಿಗೆ ಹಾರಿ ನೀಲಿ ಹೊಗೆಯಾಗಿದೆ. ಪ್ರಿಂಟ್ ಕೊಡಲು ಹೋದ ದಿನ ನನ್ನ ತಪ್ಪನ್ನು ಹೇಳಿಬಿಟ್ಟೆ, ಎರಡನೇ ರೋಲಿನ ಸ್ಕ್ಯಾನುಗಳನ್ನೂ ಮುಂದಿಟ್ಟೆ. ಅವು ಚೂಪಾಗಿವೆ, ಬಣ್ಣ ಸರಿಯಿದೆ, ಸಮುದ್ರವೂ ನೀಲಿಯಾಗಿದೆ ಎಂದೆ. ಅವರು ನೋಡಿ ಪಕ್ಕಕ್ಕಿಟ್ಟರು. ಚಿಕ್ಕ ಸೊಸೆ ಎಂಟನೆಯದನ್ನೇ ಹತ್ತಿರ ಹಿಡಿದು, "ನಂದ್ ಸೆರಗೊಂದ ಮಂಜಾಗೇತಿ ನೋಡ್ರಿ" ಎಂದರು.

"ಗಾಳಿ ಇತ್ತಲ್ಲವಾ ಅವತ್ತ" ಎಂದರು ಅಜ್ಜಿ.

ನೆಗೆಟಿವ್‌ಗಳ ಕವರು ಕೇಳಿ ಇಸಿದುಕೊಂಡು ಅಜ್ಜಿ ಸೀದಾ ಟ್ರಂಕಿನ ಹತ್ತಿರ ಹೋದರು. ಸೀರೆಗಳ ನಡುವೆ ಡಾಂಬರು ಗುಳಿಗೆಯ ವಾಸನೆ. ಅದರ ಹಬೆ ಫಿಲ್ಮಿಗೆ ಆಗುವುದಿಲ್ಲ, ಗೋವಾದ ಮಳೆಗಾಲದ ತೇವಕ್ಕೆ ಬೂಷ್ಟೂ ಹಿಡಿಯುತ್ತದೆ ಎಂದು ಹೇಳಿ ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣ ಕೊಟ್ಟೆ, ವರ್ಷಕ್ಕೊಮ್ಮೆ ಜೂನಿಗೆ ಮುಂಚೆ ಬದಲಾಯಿಸಿ ಎಂದೆ. ಅಜ್ಜಿ ಯೋಚಿಸಿ, ಗುಳಿಗೆಗಳನ್ನು ಆರಿಸಿ ತೆಗೆದು ಸೊಸೆಯ ಕೈಗೆ ಹಾಕಿದರು. ಎಂಟನೇ ಫ್ರೇಮಿನ ಪಟ್ಟಿ ಬಿಸ್ಕಿಟ್ ಡಬ್ಬಿಯೊಳಗೆ ಹಳೇ ನೆಗೆಟಿವ್ ಮೇಲೆ ಕೂತಿತು. ಸರಿಯಾದ ಎಕ್ಸ್‌ಪೋಶರಿನ ಎರಡನೇ ರೋಲು ನನ್ನ ಹತ್ತಿರವೇ ಇದೆ. ಯಾರೂ ಕೇಳಿಲ್ಲ.